ಬರ್ತೀನಿ ಎಂದು ಹೋದವನು

ಉಗಾಂಡದ ಮರ್ಚಿಸನ್ ಅಭಯಾರಣ್ಯದಲ್ಲಿ ಇಡೀ ನೈಲ್ ನದಿ, ಅಮೆರಿಕದ ಹಿಕ್ಸ್‌ವಿಲ್‌ನಲ್ಲಿರುವ ನಮ್ಮ ಮನೆಯ ಡ್ರೈವ್‌ವೇಯಷ್ಟೇ ಅಗಲದ ಬಂಡೆಸಂದಿಯಲ್ಲಿ ನುಗ್ಗಿ ಕೆಳಕ್ಕೆ ಬೀಳುತ್ತದೆ. ಫೋಟೋ ತೆಗೆದರೆ ಬರೀ ಬಿಳಿ. ನಮ್ಮನ್ನು ಅಂಚಿನವರೆಗೆ ಕರೆತಂದ ರೇಂಜರ್, “ಐ ಆಮ್ ಕಮಿಂಗ್” ಎಂದು ಹೇಳಿ ಹೊರಟೇಬಿಟ್ಟ.

“ಬಟ್ ಹೀ ಈಸ್ ಗೋಯಿಂಗ್!” ಮಗಳು ಗಾಬರಿಯಾದಳು.

“ಹೋಗ್ತೀನಿ ಅನ್ಬಾರ್ದು ಪುಟ್ಟಿ, ಬರ್ತೀನಿ ಅನ್ಬೇಕು. ಒಳ್ಳೇ ಮನೆತನದ ಹುಡುಗ,” ಎಂದಳು ನನ್ನ ಅಮ್ಮ.

ಐದು ನಿಮಿಷದಲ್ಲಿ ಅವನು ನೀರಿನ ಬಾಟಲಿಗಳೊಂದಿಗೆ ಬಂದ.

ಅಮ್ಮನಿಗೆ ಎಂಬತ್ತೊಂದು. ಇದೇ ಕೊನೆಯ ದೂರಪ್ರಯಾಣವಾಗಲಿ ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು. ಹೊರಡುವಾಗ ಅಮ್ಮ ಜಲಪಾತದ ಕಡೆ ತಿರುಗಿ ಕೈಮುಗಿದಳು.

“ಬರ್ತೀನಮ್ಮ.”

ಏನೋ ಹೇಳಲು ಬಾಯಿ ತೆರೆದ ಮಗಳು ನನ್ನ ಮುಖ ನೋಡಿ, ಅಜ್ಜಿಯ ಪಕ್ಕ ನಿಂತು ತಾನೂ ಕೈಮುಗಿದಳು.