ಮುಖಪುಟದ ಮಗು

ಫೋಟೊ ಕಳಿಸಿದ್ದು ತಾನೇ. ಮೂರು ದಿನದಿಂದ ಇದೊಂದೇ ಅವಳ ತಲೆ ಕೊರೆಯುತ್ತಿತ್ತು. ಮಗುವಿಗೆ ಉಣಿಸುವಾಗಲೂ ಅದೇ, ಒದ್ದೆ ಬಟ್ಟೆ ಹಿಂಡುವಾಗಲೂ ಅದೇ.

ಓದಿದವಳು, ಅರ್ಜಿ ಚೆನ್ನಾಗಿ ಬರೆಯುತ್ತಾಳೆ ಎಂದು ನಾಟಕ ತಂಡದ ಕಾಗದಪತ್ರವೆಲ್ಲ ಅವಳ ತಲೆಗೇ ಕಟ್ಟಿದ್ದರು. ಮಗು ಹುಟ್ಟುವ ಮುಂಚೆ ಅವಳೂ ಬಣ್ಣ ಹಚ್ಚುತ್ತಿದ್ದಳು. ಈಗ ಪಾತ್ರವಿಲ್ಲ, ಬರೀ ಫಾರಂ. ಸಮಾಜದಲ್ಲಿ ಬದಲಾವಣೆ ತಂದ ಕಲೆಗೆ ಕೊಡುವ ಪ್ರಶಸ್ತಿಯೊಂದಕ್ಕೆ ಅರ್ಜಿ ತುಂಬಿದ್ದೂ ಅವಳೇ.

ಅವರ ನಾಟಕ ಬಟ್ಟೆ ಕಾರ್ಖಾನೆಯ ಗೇಟಿನ ಮುಂದೆ ಹದಿನಾರು ಸಲ ಆಗಿತ್ತು. ಹೊಲಿಗೆಯ ಹೆಂಗಸರಿಗೆ ಕೂಸು ಮಲಗಿಸಲು ಒಂದು ಕೋಣೆ ಬೇಕು ಎನ್ನುವುದೇ ಕಥೆ. ಕಾರ್ಖಾನೆಯವರು ಬೇಸತ್ತೋ ನಾಚಿಯೋ ಕೋಣೆ ಕೊಟ್ಟರು. ಆರು ತೊಟ್ಟಿಲು ಬಂದವು. ಉದ್ಘಾಟನೆಯ ದಿನ ಮಕ್ಕಳೇ ಬಂದಿರಲಿಲ್ಲ. ಫೋಟೊದವನು ಗಡಿಯಾರ ನೋಡುತ್ತಿದ್ದ.

"ನಮ್ಮ ಪುಟ್ಟೀನೇ ಒಂದು ನಿಮಿಷ ಮಲಗಿಸಮ್ಮ. ಸೋಮವಾರ ಅವರ ಮಕ್ಕಳು ಬಂದೇ ಬರ್ತವೆ," ಎಂದರು ತಂಡ ಕಟ್ಟಿದ ಮೇಷ್ಟ್ರು. ಅವಳು ತನ್ನ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದಳು. ಅರ್ಜಿಯ ಜೊತೆ ಅದೇ ಫೋಟೊ ಹೋಯಿತು. ಕೆಳಗೆ ಅವಳೇ ಬರೆದಿದ್ದಳು: 'ಹೊಲಿಗೆಯವಳ ಮಗು, ಹೊಸ ಕೋಣೆಯಲ್ಲಿ.'

ಈಗ ಪ್ರಶಸ್ತಿಯ ಕೊನೆಯ ಸುತ್ತಿಗೆ ಆರಿಸಿದ ಮೂರರಲ್ಲಿ ಅವರ ನಾಟಕವೂ ಇತ್ತು. ಸಮಾರಂಭದ ಆಮಂತ್ರಣದ ಮುಖಪುಟದ ತುಂಬ ಪುಟ್ಟಿ. ಅತ್ತೆ ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ತೋರಿಸಿ ಬಂದಿದ್ದರು.

"ಅತ್ತೆ, ಅದರ ಕೆಳಗೆ ಏನಿದೆ ಅಂತ ಓದಿದ್ರಾ?"

"ಓದೋಕೆ ಕನ್ನಡಕ ಯಾಕೆ ಹುಡುಕಲಿ? ಮೂಗು ನೋಡಿದ್ರೆ ಸಾಲದಾ? ನನ್ನ ಮಗಂದೇ."

ಕೋಣೆ ನಡೆಯುತ್ತಿದ್ದರೆ ಸುಳ್ಳು ಸಣ್ಣದು ಎಂದುಕೊಂಡು, ಪುಟ್ಟಿಯನ್ನು ಸೊಂಟಕ್ಕೇರಿಸಿ ಕಾರ್ಖಾನೆಗೆ ಹೋದಳು. ನಾಟಕದ ದಿನಗಳಿಂದ ಪರಿಚಯವಿದ್ದ ಹೊಲಿಗೆಯವಳು ಒಳಗೆ ಕರೆದೊಯ್ದಳು. ಕೊರಳಲ್ಲಿ ಸದಾ ಕತ್ತರಿ ನೇತಾಡುವುದರಿಂದ ಎಲ್ಲರಿಗೂ ಅವಳು ಕತ್ತರಿ ಅಕ್ಕ. ತೊಟ್ಟಿಲುಗಳಲ್ಲಿ ಗುಂಡಿಗಳ ಡಬ್ಬ ತುಂಬಿದ್ದವು.

"ಎರಡು ತಿಂಗಳು ನಡೀತು ಕಣಮ್ಮ. ಆಮೇಲೆ ಮಕ್ಕಳನ್ನ ನೋಡ್ಕೊಳ್ತಿದ್ದ ಆಯಾನ ಪ್ಯಾಕಿಂಗ್ ಕೆಲಸಕ್ಕೆ ಹಾಕಿದ್ರು. ನನ್ನ ಮಗು ಈಗ ಪಕ್ಕದ ಮನೆಯೋರ ಬಾಗಿಲಲ್ಲಿ." ಅವಳ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. "ನಿಮಗೆ ಪ್ರಶಸ್ತಿ ಬಂದ್ರೆ ಕೋಣೆ ನಡೀತಿದೆ ಅಂತಲೇ ಅರ್ಥ, ಅಲ್ವಾ? ಆಮೇಲೆ ನಾವು ಬಾಯಿ ಬಡ್ಕೊಂಡ್ರೂ ಯಾರು ಕೇಳ್ತಾರೆ?"

ತಾಲೀಮಿನ ಶೆಡ್ಡಿನಲ್ಲಿ ಮೇಷ್ಟ್ರು ಮೊಣಕಾಲು ಒತ್ತಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡರು.

"ಇಪ್ಪತ್ತು ವರ್ಷ ಬೀದೀಲಿ ಗಂಟಲು ಹರ್ಕೊಂಡಿದೀನಿ. ಒಂದ್ಸಲ ವೇದಿಕೆ ಮೇಲೆ ಕೂರಿಸ್ತೀವಿ ಅಂತಿದಾರೆ. ಕೂರ್ಲಾ, ಬೇಡ್ವಾ?"

ಅವಳು ಚೀಲದಿಂದ ಅರ್ಜಿಯ ನಕಲು ತೆಗೆದು ಅವರ ಮುಂದಿಟ್ಟಳು.

"ಅರ್ಜಿ ನಿನ್ನದು. ನಿನಗೆ ತೋಚಿದ್ದು ಮಾಡು," ಎಂದು ಅವರು ಮುಖ ತಿರುಗಿಸಿದರು.

ಮರುದಿನ ಮಧ್ಯಾಹ್ನ ಪುಟ್ಟಿ ಮಲಗಿದ ಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ನಂಬರು ಒತ್ತಿ ಎರಡು ಸಲ ತಾನೇ ಕತ್ತರಿಸಿದಳು. ಮೂರನೆಯ ಸಲ ಆ ಕಡೆಯಿಂದ ಹುಡುಗಿಯೊಬ್ಬಳ ದನಿ ಬಂತು.

"ಪ್ರಶಸ್ತಿ ಕಚೇರಿ, ಹೇಳಿ ಮೇಡಂ."

"ನಿಮ್ಮ ಮುಖಪುಟದಲ್ಲಿರೋ ಮಗು ನಂದು."

"ಅಯ್ಯೋ, ಹೌದಾ! ಎಷ್ಟು ಮುದ್ದಾಗಿದೆ!"

"ಮುದ್ದಾಗಿದೆ. ಆದ್ರೆ ನಾನು ಹೊಲಿಗೆಯವಳಲ್ಲ. ಆ ಕೋಣೇಲಿ ಈಗ ಮಕ್ಕಳೂ ಇಲ್ಲ. ಪೆನ್ನು ತಗೊಳ್ಳಿ, ನಿಧಾನಕ್ಕೆ ಹೇಳ್ತೀನಿ."