ಅಮರಮ್ಮನ ಹಕ್ಕಿ ಪಾಲು

ಅಲ್ಲಬೇ ಅಮೂಲ್ಯಾ, ನೀ ಕೇಳಿದ ಕೆರಿ ಸುದ್ದಿ ಆಮ್ಯಾಲ. ಮೊದ್ಲ ಅಮರಮ್ಮನ ಸುದ್ದಿ ಬರಕೊ. ಅಕಿ ಇಲ್ಲಂದ್ರ ಆ ಕೆರಿ ಈ ನಿಮ್ಮಜ್ಜಿಗೆ ಬರೇ ನೀರು. ನೀ ಎಳ್ಳಮಾಸಿಗೆ ಪರೀಕ್ಷೆ ಅಂತ ಬರಲಿಲ್ಲ, ಅದಕ್ಕ ಹೇಳಾಕತ್ತೀನಿ.

ಅಮರಮ್ಮ ಗುರುಗುಂಟಾದ ಮಗಳು. ಅಲ್ಲಿ ಮಳಿ ಬಂದ್ರ ಬೆಳಿ, ಇಲ್ಲಂದ್ರ ಕುರಿ. ಸಂತೆಕಲ್ಲೂರಿನ ಆಚೆ ದುರುಗಪ್ಪಗ ಕೊಟ್ರು. ಕೆರಿ ದಂಡಿ ಹೊಲ ನೋಡಿ ಅಕಿ, "ಇಷ್ಟು ನೀರು ಯಾರದು?" ಅಂದ್ಳಂತ. "ಹಕ್ಕಿಗಳದು. ನಾವು ಬಾಡಿಗಿಗೆ ಅದೀವಿ" ಅಂದನಂತ ದುರುಗಪ್ಪ. ಗಂಡ ಹೆಂಡ್ತಿ ಇಬ್ಬರೂ ನಮ್ಮೂರು ವಳಕಮದಿನ್ನಿಗೆ ನಮ್ಮ ಗದ್ದಿ ನಾಟಿ ಹಚ್ಚಾಕ ಬರ್ತಿದ್ರು, ಆಗಿಂದ ಅಕಿ ನನ್ನ ಗೆಳತಿ. ಅಕಿ ಹಚ್ಚಿದ ಸಾಲು ಹೆಂಗಿರ್ತಿತ್ತಂದ್ರ... ಇರ್ಲಿ, ನೆಲ್ಲಿನ ಸುದ್ದಿ ಈಗ ಬ್ಯಾಡ.

ಚಳಿಗಾಲಕ್ಕ ಆ ಕೆರಿಗೆ ದೊಡ್ಡ ಬಾತುಕೋಳಿ ಬರ್ತಾವ, ತಲಿ ಮ್ಯಾಲ ಎರಡು ಕರೀ ಗೀಟು. ಹಿಮಾಲಯದ ಆಚಿಂದ ಬರ್ತಾವಂತ. ಬಂದು ದಂಡಿ ಮ್ಯಾಲಿನ ಎಳೇ ಕಡ್ಲಿ ಮೇಯ್ತಾವ. ಮಂದಿ ಪಟಾಕಿ ಹಾರಸ್ತಾರ. ದುರುಗಪ್ಪ ಮಾತ್ರ ನೀರಿನ ಕಡಿ ಒಂದೀಟು ಸಾಲು ಬಿಟ್ಟು, ಇದು ಹಕ್ಕಿ ಪಾಲು ಅಂತಿದ್ದ. ಎಳ್ಳಮಾಸಿಗೆ ಹೊಲಕ್ಕ ಚರಗ ಚೆಲ್ಲೋ ಮುಂದನೂ ಮೊದಲ ಹಿಡಿ ಕಡಬು ಅವಕ್ಕ. ಭೂಮ್ತಾಯಿಗೆ ಚರಗ ಅಂತ ಎಡಿ ಚೆಲ್ಲೋತನಕ ಯಾರೂ ಉಣ್ಣಂಗಿಲ್ಲ, ನಿನಗ ಗೊತ್ತಲ್ಲ.

ದುರುಗಪ್ಪ ಈ ಮಳಿಗಾಲದಾಗ ತೀರ್ಕೊಂಡ. ಈ ಸರ್ತಿ ಚರಗ ಅಮರಮ್ಮನ ಕೈಯಾಗ ಬಂತು. ನಾನೂ ನಿಮ್ಮವ್ವನೂ ಬುತ್ತಿ ಕಟ್ಕೊಂಡು ಬಸ್ಸಿಗೆ ಹೋದ್ವಿ. ಕೆರಿ ತುಂಬಿ ಥಳಥಳ ಅನ್ನಾಕತ್ತಿತ್ತು. ಬೆಳ್ಳಕ್ಕಿ ಒಂದು ಕಡಿ, ನೀರುಕೋಳಿ ಒಂದು ಕಡಿ. ಗೀಟಿನ ಬಾತು ಮಾತ್ರ ನಡು ನೀರಾಗ ನಿಂತಿದ್ವು. ದಂಡಿಗೆ ಒಂದೂ ಬರವಲ್ದು.

ಅಮರಮ್ಮ ಬುಟ್ಟಿ ಹಿಡ್ಕೊಂಡು ನಿಂತೇ ನಿಂತ್ಳು.

"ಯವ್ವಾ, ಅವಕ್ಕ ಹಸಿವಿಲ್ಲ, ನಮಗೈತಿ. ಚೆಲ್ಲಿಬಿಡು" ಅಂದ ಅಕಿ ಮಗ ವೀರೇಶ.

"ನಿಮ್ಮಪ್ಪ ಇದ್ದಾಗ ಹಿಂಗ ಅವಸರ ಮಾಡ್ತಿದ್ದೇನಲೇ?"

"ಅಪ್ಪ ಇದ್ದಾಗ ಅವು ಟೈಮಿಗೆ ಬರ್ತಿದ್ವು."

ಅಕಿ ಮುಖ ಸಣ್ಣದಾತು. ನನ್ನ ಹತ್ರ ಬಂದು, "ಅವರ ಕೂಡ ಇವೂ ಋಣ ಹರಕೊಂಡ್ವೇನ್ರಿ ಅಕ್ಕಾರ?" ಅಂದ್ಳು.

ಅಕಿ ಕೈಯಾಗಿನ ಬುಟ್ಟಿ ನಾ ಇಳಿಸಿದೆ. ಜಾಲಿಗಿಡದ ನೆರಳಿಗೆ ಕುಂತ್ವಿ. ಅಷ್ಟೊತ್ತಿಗೆ ನಾಕಾರು ಬಾತು ದಂಡಿ ಕಡಿ ಈಜಿ ಬರಾಕತ್ತಿದ್ವು. ಒಂದು ಗಾಳಿ ಬೀಸ್ತು ನೋಡು, ಫಟ ಫಟ ಅಂತು, ಎಲ್ಲಾ ಹೊಳ್ಳಿ ಹೋದ್ವು. ಏನಂತಿ? ಸೀರಿ. ಹಂದಿ ಬರಬಾರ್ದಂತ ಹೊಲದ ಸುತ್ತ ಎಲ್ಲಾರೂ ಕಟ್ತಾರಲ್ಲ, ಹಂಗ ಅಕೀನೂ ಕಟ್ಟ್ಯಾಳ. ಆದ್ರ ಹರಕಲ್ಲ, ಕೆಂಪು, ಹಳದಿ, ಜರದಂಚಿನವು.

"ಅವರ ಹೋದ ಮ್ಯಾಲ ಇವನ್ನ ನಾ ಎಲ್ಲಿ ಉಡ್ಲಿ ಅಂತ ಕಟ್ಟಿದ್ನಿ" ಅಂದ್ಳು. ಮತ್ತ ನೀರಿನ ಕಡಿ ನೋಡಿ, "ಹಂದಿ ಗುಡ್ಡದ ಕಡಿಂದ ಬರ್ತಾವ. ನೀರಾಗಿಂದ ಬರಂಗಿಲ್ಲ" ಅಂತ ತಾನ ಎದ್ದು, ನೀರಿನ ಕಡಿ ಸೀರಿ ಬಿಚ್ಚಾಕ ಹತ್ತಿದ್ಳು. ವೀರೇಶನೂ ಬಿಚ್ಚಿದ.

ಹೊತ್ತು ಇಳೀತು. ಹೊಟ್ಟಿ ಚುರುಚುರು. ಒಂದು ಬಾತು ದಂಡಿ ಹತ್ತಿ ಬಾಲ ಜಾಡಿಸ್ತು, ಅದರ ಹಿಂದ ಹಿಂಡು. ಅಮರಮ್ಮ ಮೊದಲ ಹಿಡಿ ಚೆಲ್ಲಿ "ಹುಲ್ಲುಲ್ಲಿಗೋ" ಅಂದ್ಳು. ಚರಗ ಚೆಲ್ಲೋ ಮುಂದ ಒಬ್ರು ಅಂದು ಇನ್ನೊಬ್ರು ಮುಗಿಸಿ, ಹೊಲೆಲ್ಲ ಕೇಳೋಹಂಗ ಒದರೋ ಮಾತದು. ಹಕ್ಕಿ ಹಾರ್ಯಾವಂತ ಅಕಿ ಕೂಸು ಮಲಗಿಸೋಹಂಗ ಅಂದ್ಳು. ವೀರೇಶ ಹಿಂದಿಂದ ಅಷ್ಟ ಮೆಲ್ಲಕ "ಸಲಾಂಬ್ರಿಗೋ" ಅಂದ.

ಆ ಬಿಚ್ಚಿದ ಸೀರಿ ನಾ ತಂದು ನಮ್ಮೋಣಿ ಮಕ್ತುಂಬೀ ಕೈಲೆ ಕೌದಿ ಹೊಲಿಸೀನಿ. ಉಡಲಿಲ್ಲಂದ್ರ ಹೊದ್ಕೊಳ್ಳಲಿ. ಸಾಕು, ಪೆನ್ನು ಇಡು. ನಾಳೆ ಮಸ್ಕಿ ಬಸ್ಸಿಗೆ ಹೋಗಿ ಈ ಕೌದಿ ಅಮರಮ್ಮಗ ಮುಟ್ಟಿಸಿ ಬಾ. ಆ ಕೆಂಪು ಓಢಣಿ ಹಾಕ್ಕೊಂಡು ಕೆರಿ ದಂಡಿಗೆ ಹೋಗಬ್ಯಾಡ ಮತ್ತ.