ಗಿರಿಜಕ್ಕ ಬರೆದಿಟ್ಟ ಬೆನ್ನುಗಳು

ಅಳತೆಗೆಂದು ಹಳೆಯ ಜಂಪರ್ ಕೈಯಲ್ಲಿ ಹಿಡಿದು ಬಂದವರನ್ನು ಗಿರಿಜಕ್ಕ ಮೆಟ್ಟಿಲ ಮೇಲಿಂದಲೇ ವಾಪಸು ಅಟ್ಟುತ್ತಿದ್ದರು. ಹುಬ್ಬಳ್ಳಿಯಲ್ಲಿ ಬೇರೆ ಯಾರ ಹತ್ತಿರ ಹೋದರೂ, ಮೈಗೆ ಸರಿಯಾಗಿ ಕೂಡುವ ಒಂದು ಜಂಪರನ್ನು ಹೊಸ ರವಿಕೆ ಬಟ್ಟೆಯೊಳಗೆ ಸುತ್ತಿ ಕೊಟ್ಟು ಬಂದರೆ ಕೆಲಸ ಮುಗಿಯಿತು. ಗಿರಿಜಕ್ಕನ ಹತ್ತಿರ ಅದು ನಡೆಯುತ್ತಿರಲಿಲ್ಲ. "ಜಂಪರ್ ಹೋದ ವರ್ಷದ್ದೈತಿ, ಮೈ ಈ ವರ್ಷದ್ದೈತಿ. ಮೈ ಕರಕೊಂಡು ಬರ್ರಿ," ಅನ್ನುತ್ತಿದ್ದರು. ಕೆಲವರು ಗೊಣಗುತ್ತ ಇಳಿದು ಹೋಗುತ್ತಿದ್ದರು. ಹೋದವರು ಮುಂದಿನ ವಾರ ಮೈಯನ್ನು ಕರೆದುಕೊಂಡೇ ಬರುತ್ತಿದ್ದರು, ಯಾಕೆಂದರೆ ಆ ಕೈಯ ಹೊಲಿಗೆ ಬೇರೆ ಕಡೆ ಸಿಗುತ್ತಿರಲಿಲ್ಲ.

ದುರ್ಗದಬೈಲಿನ ಹಿಂದಿನ ಓಣಿಯಲ್ಲಿ, ಬಳೆ ಅಂಗಡಿಯ ಮೇಲಿನ ಒಂದೇ ಕೋಣೆ ಅವರದು. ಮುಂದೆ ಮಷೀನು, ಪರದೆಯ ಹಿಂದೆ ಒಲೆ ಮತ್ತು ಹಾಸಿಗೆ. ಗಂಡ ಮದುವೆಯಾದ ಕೆಲವೇ ವರ್ಷಕ್ಕೆ ಬೇರೆ ಸಂಸಾರ ಹೂಡಿದ್ದ. ಮಕ್ಕಳಿರಲಿಲ್ಲ. ತನ್ನವರು ಎನ್ನಲು ರಾಣೇಬೆನ್ನೂರಿನಲ್ಲಿ ಅಣ್ಣನ ಮಗನೊಬ್ಬ. ದಿನಕ್ಕೆ ಹತ್ತು ಹೆಂಗಸರು ಹತ್ತಿಳಿಯುವ ಆ ಕೋಣೆಯಲ್ಲಿ ಗಿರಿಜಕ್ಕನಷ್ಟು ಒಂಟಿಯಾದವರನ್ನು ನಾನು ನೋಡಿಲ್ಲ. ಆದರೆ ಅದನ್ನು ಅವರ ಮುಖದ ಮೇಲೆ ಹುಡುಕಿದರೆ ಸಿಗುತ್ತಿರಲಿಲ್ಲ. ಬಾಯಲ್ಲಿ ಯಾವಾಗಲೂ ಬಟ್ಟೆಗೆ ಚುಚ್ಚುವ ನಾಲ್ಕು ಟಾಚಣಿ ಇರುತ್ತಿದ್ದವು.

ಅಳತೆಯ ನೋಟಬುಕ್ಕುಗಳನ್ನು ಅವರು ಮನೆತನದ ಪ್ರಕಾರ ಇಟ್ಟಿದ್ದರು. ಅವ್ವನ ಹಾಳೆಯ ಹಿಂದೆ ಮಗಳ ಹಾಳೆ, ಅದರ ಹಿಂದೆ ಮೊಮ್ಮಗಳದು. ಸೊಸೆಗೆ ಆ ಗುಂಪಿನಲ್ಲಿ ಜಾಗವಿಲ್ಲ, ಆಕೆಗೆ ಬೇರೆ ನೋಟಬುಕ್ಕು. ಇದೆಂಥ ಪದ್ಧತಿ ಎಂದು ನಾನು ಒಮ್ಮೆ ನಕ್ಕಿದ್ದೆ. "ಹೆಣ್ಮಕ್ಕಳು ತವರಿಂದ ಬಂಗಾರ ತರ್ತಾರೋ ಬಿಡ್ತಾರೋ, ಬೆನ್ನಂತೂ ತರ್ತಾರ ವಿಜಿ. ಅವ್ವನ ಜಂಪರ್ ಕತ್ತರಿಸಿದ ಕೈಗೆ ಮಗಳದ್ದು ಗೊತ್ತಾಗತೈತಿ," ಅಂದಿದ್ದರು.

ಉದ್ದಕ್ಕೆ ಅವರು ಎರಡು ಅಳತೆ ತೆಗೆಯುತ್ತಿದ್ದರು, ಹಿಂದೆ ಒಂದು, ಮುಂದೆ ಒಂದು. ಹರೆಯದಲ್ಲಿ ಮುಂದಿನದು ಹೆಚ್ಚಿರುತ್ತದೆ. ವಯಸ್ಸಾದ ಕೆಲವರಲ್ಲಿ ಹಿಂದಿನದು ಏರುತ್ತ, ಮುಂದಿನದು ಇಳಿಯುತ್ತ ಹೋಗುತ್ತದೆ. ಅಂದರೆ ಬೆನ್ನು ಬಾಗುತ್ತಿದೆ. ಗಿರಿಜಕ್ಕ ಅದಕ್ಕೆ ತಕ್ಕಂತೆ ಹಿಂದೆ ಒಂದಿಷ್ಟು ಬಿಟ್ಟು, ಮುಂದೆ ಒಂದಿಷ್ಟು ಹಿಡಿದು, ಭುಜದ ಹತ್ತಿರ ಅದೇನೋ ಒಂದು ಮಡಿಕೆ ಕೊಟ್ಟು ಹೊಲಿದರೆ ಬಾಗಿದ ಬೆನ್ನು ನೆಟ್ಟಗೆ ಕಾಣುತ್ತಿತ್ತು. ಆ ಹೆಂಗಸರಿಗೆ ಇದೊಂದೂ ಗೊತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತು ಹಿಗ್ಗುತ್ತಿದ್ದರು. ಮದುವೆ ಮನೆಗಳಲ್ಲಿ ಗಿರಿಜಕ್ಕನ ಕೈಗುಣ ಹಾಡಿ ಹೊಗಳುತ್ತಿದ್ದರು.

ನನ್ನ ಅವ್ವನ ಬೆನ್ನು ಬಾಗಿದ್ದು ನನಗೆ ಕಾಣಿಸಲಿಲ್ಲ. ಮನೆಯಲ್ಲಿದ್ದವರು ನಾವಿಬ್ಬರೇ. ನಾನು ಮದುವೆಯಾಗಲಿಲ್ಲ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಬೇರೆಯವರ ಮಕ್ಕಳ ಉತ್ತರದಲ್ಲಿ ಕಾಲು ಇಂಚು ತಪ್ಪಿದರೂ ಕೆಂಪು ಗೆರೆ ಎಳೆಯುವವಳು. ಅವ್ವ ಸೀರೆಯನ್ನು ಮೊದಲಿಗಿಂತ ಹೆಚ್ಚು ಮೇಲಕ್ಕೆ ಸಿಕ್ಕಿಸತೊಡಗಿದ್ದಳು. ಕಪಾಟಿನ ಮೇಲಿನ ಡಬ್ಬಿ ತೆಗೆಯಲು ನನ್ನನ್ನು ಕೂಗುತ್ತಿದ್ದಳು. ವಯಸ್ಸಾದ ಮೇಲೆ ದರ್ಬಾರು ಜಾಸ್ತಿಯಾಯಿತು ಎಂದು ನಾನು ಸಿಡುಕುತ್ತಿದ್ದೆ. ಒಂದು ಮುಂಜಾನೆ ಬಾಗಿಲಿಗೆ ರಂಗೋಲಿ ಹಾಕಿ ಏಳುವಾಗ ಪಕ್ಕಕ್ಕೆ ವಾಲಿ ಬಿದ್ದಳು. ಪೂರ್ತಿ ಎದ್ದೂ ಇರಲಿಲ್ಲ, ಅಷ್ಟಕ್ಕೇ ಸೊಂಟದ ಹತ್ತಿರ ತೊಡೆಯ ಎಲುಬು ಮುರಿಯಿತು. ಆಪರೇಶನ್ ಆಯಿತು. ಆದರೆ ಅವ್ವ ಮತ್ತೆ ನಡೆಯಲಿಲ್ಲ, ನಾಲ್ಕು ತಿಂಗಳಲ್ಲಿ ಹೋದಳು.

ನನ್ನನ್ನು ಮಾತಾಡಿಸಿ ಹೋಗಲು ಎಲ್ಲರೂ ಬಂದರು. ಗಿರಿಜಕ್ಕನೂ ಬಂದರು. ಉಳಿದವರು ಎದ್ದು ಹೋಗುವತನಕ ಗೋಡೆಗೊರಗಿ ಕೂತಿದ್ದು, ಆಮೇಲೆ ಚೀಲದಿಂದ ನೋಟಬುಕ್ಕು ತೆಗೆದು, ತಾವು ವೈನಿ ಎನ್ನುತ್ತಿದ್ದ ಅವ್ವನ ಹಾಳೆ ಬಿಚ್ಚಿ ನನ್ನ ಮುಂದಿಟ್ಟರು. ಹಿಂದಿನ ಅಳತೆ ಏರುತ್ತ ಬಂದದ್ದು, ಮುಂದಿನದು ಇಳಿಯುತ್ತ ಬಂದದ್ದು ಸಾಲಾಗಿ ಬರೆದಿತ್ತು.

"ವೈನಿದು ನಾಕ ವರ್ಷದಿಂದ ನಡದಿತ್ತು ವಿಜಿ. ನಂಗ ಗೊತ್ತಿತ್ತು. ಅವರ ಮನಸಿಗೆ ಹತ್ತತೈತಿ ಅಂತ ಹೇಳಲಿಲ್ಲ. ಮುಚ್ಚಿ ಹೊಲದೆ."

ನನಗೆ ಮೈಯೆಲ್ಲ ಉರಿಯಿತು. ಎದ್ದು ಹೋಗ್ರಿ ಅಂದೆ. ಅವರು ನೋಟಬುಕ್ಕು ಚೀಲಕ್ಕೆ ಹಾಕಿಕೊಂಡು ಎದ್ದು ಹೋದರು. ಆರು ತಿಂಗಳು ನಾನು ಆ ಓಣಿಯ ಕಡೆ ತಲೆ ಹಾಕಲಿಲ್ಲ. ಸಿಟ್ಟು ಅರ್ಧ ಅವರ ಮೇಲೆ, ಅರ್ಧ ನನ್ನ ಮೇಲೆಯೇ ಇತ್ತು ಎಂಬುದನ್ನು ಒಪ್ಪಿಕೊಳ್ಳಲು ಅಷ್ಟು ದಿನ ಬೇಕಾಯಿತು. ಒಂದು ಭಾನುವಾರ ಮನೆಯ ಮೌನ ತಡೆಯಲಾಗದೆ ಹೊರಟೆ. ಊರಲ್ಲಿ ಅವ್ವನನ್ನು ಇಂಚಿಂಚಾಗಿ ಬಲ್ಲವರು ಅವರೊಬ್ಬರೇ ಉಳಿದಿದ್ದರು.

ಗಿರಿಜಕ್ಕ ಏನೂ ಆಗಿಲ್ಲವೆಂಬಂತೆ ಟೇಪು ತೆಗೆದುಕೊಂಡರು. ಅಳೆದರು, ಬರೆದರು, ಹಿಂದಿನ ಹಾಳೆ ತಿರುವಿ ಅವ್ವನ ಅಳತೆ ನೋಡಿದರು. ಮತ್ತೊಮ್ಮೆ ಅಳೆದರು. ಮುಟ್ಟು ಯಾವಾಗ ನಿಂತಿತೆಂದು ಕೇಳಿದರು. ನಲವತ್ನಾಲ್ಕಕ್ಕೆ ಅಂದೆ.

"ನಿಮ್ಮವ್ವಗ ಎಪ್ಪತ್ತಕ್ಕ ಬಂದಿದ್ದು ನಿನಗ ಐವತ್ತಕ್ಕ ಬಂದೈತಿ. ಈ ಸಲ ನಾ ಮುಚ್ಚಂಗಿಲ್ಲ. ಬೆನ್ನು ಹೆಂಗೈತೋ ಹಂಗ ಕಾಣೋಹಂಗ ಹೊಲಿತೇನಿ. ನೀ ದವಾಖಾನಿಗೆ ಹೋಗು."

ಹೋದೆ. ಡಾಕ್ಟರು ವಯಸ್ಸಾದ ಹೆಣ್ಣುಮಗಳು, ಸಮಾಧಾನದಿಂದ ಕೇಳಿದರು. ತಾಯಿಗೆ ಎಲುಬು ಮುರಿದಿತ್ತೇ, ತಂದೆಯ ಕಡೆ ಯಾರಿಗಾದರೂ ಹಾಗಾಗಿತ್ತೇ ಎಂದು ವಿಚಾರಿಸಿದರು. ಎಲುಬು ಎಷ್ಟು ಗಟ್ಟಿ ಎಂಬುದು ಬಹಳ ಮಟ್ಟಿಗೆ ಹುಟ್ಟಿದ ಮನೆತನದಿಂದ ಬರುತ್ತದೆ, ಹೆಂಗಸರಿಗೆ ಅದನ್ನು ಕಾಯುವ ಹಾರ್ಮೋನು ಅಂಡಾಶಯದಿಂದ ಬರುತ್ತದೆ, ಮುಟ್ಟು ನಿಂತಾಗ ಆ ಕಾವಲೂ ಕಡಿಮೆಯಾಗುತ್ತದೆ, ಬೇಗ ನಿಂತರೆ ಸವೆತವೂ ಬೇಗ ಶುರುವಾಗುತ್ತದೆ ಅಂದರು. ಸ್ಕ್ಯಾನ್‌ನಲ್ಲಿ ನನ್ನ ಎಲುಬು ತೆಳುವಾಗಿತ್ತು, ಮುರಿದಿರಲಿಲ್ಲ. ವಾರಕ್ಕೊಂದು ಗುಳಿಗೆ ಬರೆದುಕೊಟ್ಟರು. ಖಾಲಿ ಹೊಟ್ಟೆಯಲ್ಲಿ, ತುಂಬು ಲೋಟ ನೀರಿನ ಜೊತೆ, ಆಮೇಲೆ ಅರ್ಧ ಗಂಟೆ ಮಲಗಬಾರದು. ಸರಿಯಾದ ಹೊತ್ತಿಗೆ ಬಂದಿದ್ದೀರಿ, ಯಾರು ಕಳಿಸಿದರು ಎಂದು ಕೇಳಿದರು. ಜಂಪರ್ ಹೊಲಿಯುವವರು ಅಂದರೆ ನಂಬಲಿಲ್ಲ.

ತಂದೆಯ ಕಡೆಯಿಂದಲೂ ಎಲುಬು ಬರುತ್ತದೆಂದು ನಾನು ಹೇಳಿದಾಗ ಗಿರಿಜಕ್ಕನ ಮುಖ ಸಣ್ಣದಾಯಿತು. ಇಷ್ಟು ವರ್ಷ ನೋಟಬುಕ್ಕು ಜೋಡಿಸಿದ್ದು ಅರ್ಧ ಲೆಕ್ಕವೇ ಆಯಿತಲ್ಲ ಎಂದು ಎರಡು ದಿನ ಅದನ್ನೇ ಹಲುಬಿದರು. ಕಡೆಗೆ ತಾವೇ ಸಮಾಧಾನ ಹೇಳಿಕೊಂಡರು. ಗಂಡಸರ ಅಂಗಿ ಹೊಲಿಯದವಳಿಗೆ ಗಂಡಸರ ಬೆನ್ನು ಹೇಗೆ ಗೊತ್ತಾಗಬೇಕು!

ಅಲ್ಲಿಂದ ಮುಂದೆ ಅವರು ಯಾರದ್ದನ್ನೂ ಮುಚ್ಚಲಿಲ್ಲ. ಅಳತೆ ಕೆಟ್ಟವರಿಗೆಲ್ಲ ಮುಖದ ಮೇಲೆ ಹೇಳಿ, ದವಾಖಾನೆಗೆ ಹೋಗಿ ಬರುವತನಕ ಬಟ್ಟೆಗೆ ಕತ್ತರಿ ಹಾಕುವುದಿಲ್ಲ ಎಂದು ಪಟ್ಟು ಹಿಡಿದರು. ಇಬ್ಬರೋ ಮೂವರೋ ಹೋಗಿ ಬಂದು ಕೈಮುಗಿದರು. ಉಳಿದವರಿಗೆ ಸಿಟ್ಟು ಬಂತು. ಜಂಪರ್ ಹೊಲಿಯುವುದು ಬಿಟ್ಟು ಡಾಕ್ಟರಿಕೆ ಶುರು ಮಾಡಿದ್ದಾಳೆ ಎಂದು ಬಳೆ ಅಂಗಡಿಯಲ್ಲಿ ನಿಂತು ಆಡಿಕೊಂಡರು, ಬೇರೆ ಹೊಲಿಗೆಯವರನ್ನು ಹಿಡಿದರು. ವರ್ಷ ತುಂಬುವುದರೊಳಗೆ ಆ ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳ ನಿಂತೇ ಹೋಯಿತು. ನಾನು ಭಾನುವಾರ ಹೋದರೆ ಗಿರಿಜಕ್ಕ ಖಾಲಿ ಮಷೀನಿನ ಮುಂದೆ ಕೂತು ಓಣಿ ನೋಡುತ್ತಿದ್ದರು. ನನ್ನ ಚಹಾಕ್ಕೆಂದು ಹಾಲನ್ನು ಮುಂಜಾನೆಯಿಂದ ತೆಗೆದಿಟ್ಟಿರುತ್ತಿದ್ದರು. ವಾರವೆಲ್ಲ ಕೂಡಿಟ್ಟ ಮಾತು ಒಂದೇ ತಾಸಿನಲ್ಲಿ ಆಡಿ ಮುಗಿಸುತ್ತಿದ್ದರು. ಎದ್ದು ಹೊರಟರೆ ಇನ್ನೇನೋ ನೆನಪಾಗುತ್ತಿತ್ತು.

ಹೀಗೆ ಒಂದು ಭಾನುವಾರ, ಅವರು ಒಳಗೆ ಚಹಾ ಸೋಸುತ್ತಿದ್ದಾಗ, ಹಗ್ಗದ ಮೇಲೆ ಒಣಗಿದ್ದ ಅವರ ಜಂಪರನ್ನು ಮಡಿಚಲು ತೆಗೆದುಕೊಂಡೆ. ಹಿಂದಿನ ಭಾಗವೂ ಮುಂದಿನ ಭಾಗವೂ ಕೂಡಲಿಲ್ಲ. ಹಿಂದಿನದು ನಾಲ್ಕು ಬೆರಳು ಉದ್ದ. ಅವ್ವನ ಕಡೆಯ ಜಂಪರಿನಲ್ಲೂ ಇಷ್ಟಿರಲಿಲ್ಲ. ಊರಿಗೆಲ್ಲ ಖರೇ ಹೇಳುವ ಹೆಂಗಸು ತನ್ನದನ್ನು ಮುಚ್ಚಿ ಹೊಲಿದುಕೊಂಡಿದ್ದರು.

ಕೇಳಿದೆ. ಮೊದಲು ಜಂಪರ್ ಕಸಿದುಕೊಂಡರು. ಆಮೇಲೆ ಕೂತು ಹೇಳಿದರು. ಮೂವತ್ಮೂರನೇ ವಯಸ್ಸಿಗೆ ರಕ್ತಸ್ರಾವ ತಡೆಯಲಾಗದೆ ಗರ್ಭಚೀಲ ತೆಗೆಸಿದ್ದರು. ಅದರ ಜೊತೆ ಎರಡೂ ಕಡೆಯ ಅಂಡಾಶಯಗಳನ್ನೂ ತೆಗೆದಿದ್ದರಂತೆ. ತಿಂಗಳ ಕಾಟ ತಪ್ಪಿತೆಂದು ಆಗ ಓಣಿಗೆಲ್ಲ ಸಕ್ಕರೆ ಹಂಚಿದ್ದರಂತೆ. ನಾನು ಡಾಕ್ಟರು ಹೇಳಿದ್ದನ್ನು ಬಿಡಿಸಿ ಹೇಳಿದೆ. ಅವರು ಬೆರಳು ಮಡಿಚಿ ಎಣಿಸಿದರು. ಆಗ ಅವರಿಗೆ ಅರವತ್ತಾರು. ಎಲುಬು ಕಾಯುವವರಿಲ್ಲದೆ ಮೂವತ್ಮೂರು ವರ್ಷ.

ಅಳತೆ ಯಾಕೆ ತೆಗೆದಿಲ್ಲ ಅಂದೆ.

"ತನ್ನ ಬೆನ್ನು ತಾ ಹೆಂಗ ಅಳೀಬೇಕು ವಿಜಿ? ಅಂದಾಜಿಲೆ ಕತ್ತರಸ್ತೇನಿ," ಅಂದರು.

ಟೇಪು ನಾನೇ ತೆಗೆದುಕೊಂಡೆ. ಶಾಲೆಗೆ ಸೇರಿದ ಮೊದಲ ದಿನದ ಹುಡುಗಿಯಂತೆ ಬಿಗಿಯಾಗಿ ನಿಂತರು. ಎಡಗೈಯಿಂದ ಕುತ್ತಿಗೆಯ ಹತ್ತಿರ ಟೇಪು ಒತ್ತಿ ಹಿಡಿದು ಕೆಳಗಿನವರೆಗೆ ಬಿಟ್ಟೆ. ಜಂಪರಿನ ಕೆಳಗೆ ಎಲುಬುಗಳು ಒಂದೊಂದಾಗಿ ಕೈಗೆ ಹತ್ತಿದವು. ಎಷ್ಟು ಬಂತೆಂದು ನೋಡಿ, ಟೇಪು ತೆಗೆಯಲು ಹೋದೆ.

"ತಡಿ. ಕೈ ಇನ್ನೊಂದೀಟ ಅಲ್ಲೇ ಇರಲಿ. ಅಲ್ಲೆ ಯಾರೂ ಮುಟ್ಟಿ ಭಾಳ ವರ್ಷ ಆತು."

ನಾನು ಕೈ ತೆಗೆಯಲಿಲ್ಲ. ಒಲೆಯ ಮೇಲೆ ಉಳಿದ ಚಹಾ ಉಕ್ಕಿ ಚೆಲ್ಲಿತು.

ಗುರುವಾರ ಡಾಕ್ಟರ ಹತ್ತಿರ ಹೋಗುವುದೆಂದು ಗೊತ್ತು ಮಾಡಿದೆವು. ನೇರ ಅಲ್ಲಿಗೇ ಬರುತ್ತೇನೆ ಅಂದಿದ್ದರು. ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿ, ಚೀಟಿ ಮಾಡಿಸಿ ಕೂತಿದ್ದೆ. ನರ್ಸ್ ಅವರ ಹೆಸರು ಎರಡು ಸಲ ಕೂಗಿದರು, ಆಮೇಲೆ ಮುಂದಿನವರನ್ನು ಕರೆದರು. ನಾನು ಅಲ್ಲಿಂದ ಆಟೋ ಹಿಡಿದು ಓಣಿಗೆ ಬಂದೆ. ಕೋಣೆಗೆ ಬೀಗ ಬಿದ್ದಿತ್ತು. ಬುಧವಾರ ನೀರಿನ ಕೊಡ ಎತ್ತಲು ಬಗ್ಗಿದವರು ಹಾಗೇ ಕೂತುಬಿಟ್ಟರಂತೆ. ಬಳೆ ಅಂಗಡಿಯವರು ದವಾಖಾನೆಗೆ ಒಯ್ದರೆ, ಬೆನ್ನಿನ ಮೂರು ಎಲುಬು ಕುಸಿದಿವೆ ಅಂದರಂತೆ. ಅಣ್ಣನ ಮಗ ಬಂದು ರಾಣೇಬೆನ್ನೂರಿಗೆ ಕರೆದುಕೊಂಡು ಹೋಗಿದ್ದ. ನಾಲ್ಕು ದಿನ ಮುಂಚೆ ಆ ಜಂಪರ್ ನನ್ನ ಕೈಗೆ ಬಂದಿದ್ದರೆ ಏನಾದರೂ ಆಗುತ್ತಿತ್ತೋ ಇಲ್ಲವೋ, ಗೊತ್ತಿಲ್ಲ. ಅಷ್ಟು ಭಾನುವಾರ ಅವರ ಎದುರಿಗೇ ಕೂತು ಚಹಾ ಕುಡಿದವಳು ನಾನು, ನನಗೆ ಕಾಣಬೇಕಿತ್ತು.

ದೀಪಾವಳಿ ರಜೆಯಲ್ಲಿ ನೋಡಲು ಹೋದೆ. ಅದೇ ಕಡೆಯ ಭೇಟಿ, ಸಂಕ್ರಾಂತಿಯ ಹೊತ್ತಿಗೆ ಅವರಿರಲಿಲ್ಲ. ನಡುಮನೆಯ ಮಂಚದ ಮೇಲೆ ಮಲಗಿದ್ದರು. ಮನೆಯವರು ಒಳ್ಳೆಯವರು, ಹೊತ್ತಿಗೆ ಸರಿಯಾಗಿ ಎಲ್ಲ ಕೊಡುತ್ತಿದ್ದರು, ಆದರೆ ಕೂತು ಮಾತಾಡಲು ಯಾರಿಗೂ ಪುರಸೊತ್ತಿರಲಿಲ್ಲ. ನನ್ನ ಕೈ ಹಿಡಿದು ಗುಳಿಗೆ ತಪ್ಪಿಸಿಲ್ಲ ತಾನೆ ಎಂದು ಕೇಳಿದರು. ಇಲ್ಲ ಅಂದೆ. ನಂಬಿಕೆ ಬಂದಂತೆ ಕಾಣಲಿಲ್ಲ.

"ಎದ್ದು ನಿಂತು ಆ ಕಡೆ ತಿರುಗು. ಸೆರಗು ಸರಸು," ಅಂದರು.

ಅವರೇ ಮುಚ್ಚದೆ ಹೊಲಿದ ಜಂಪರ್ ಹಾಕಿದ್ದೆ. ಗೋಡೆಯ ಕಡೆ ಮುಖ ಮಾಡಿ ನಿಂತೆ.

"ನೆಟ್ಟಗದಿ," ಅಂದರು. ಆಮೇಲೆ, "ಒಬ್ಬಾಕಿಗಾದ್ರೂ ಹೊತ್ತಿಗೆ ಹೇಳಿದೆ. ಆತು, ಈ ಕಡೆ ತಿರುಗಿನ್ನ," ಅಂದರು.

ನನ್ನ ಮುಖ ಅವರಿಗೆ ತೋರಿಸುವ ಹಾಗಿರಲಿಲ್ಲ. ತಿರುಗಲಿಲ್ಲ. ಅವರಿಗೂ ತಿಳಿದಿರಬೇಕು, ಇನ್ನೊಮ್ಮೆ ಕರೆಯಲಿಲ್ಲ.